ಆದಿವಾಸಿ ಬದುಕಿನ ಪಾಡ್‌ಕಾಸ್ಟ್: ಹಾಡಿಯ ಒಪ್ಪಿಗೆಯಿಂದ ಪ್ರಸಾರದವರೆಗೆ

ಸೋಲಿಗರು, ಜೇನು ಕುರುಬರು, ಕೊರಗರು, ಸಿದ್ದಿಗಳ ಬಗ್ಗೆ ಪಾಡ್‌ಕಾಸ್ಟ್ ಮಾಡಲು ಹೊರಟವರು ಬಹುಪಾಲು ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಮೈಕು ಕೊಳ್ಳುತ್ತಾರೆ. ಆಮೇಲೆ ಹೆಸರಿಡುತ್ತಾರೆ, ಲೋಗೊ ಮಾಡಿಸುತ್ತಾರೆ, ‘ಶೀಘ್ರದಲ್ಲೇ’ ಎಂದು ಇನ್‌ಸ್ಟಾಗ್ರಾಮಿಗೆ ಹಾಕುತ್ತಾರೆ. ಹಾಡಿಗೆ, ಅಂದರೆ ಆ ಜನ ವಾಸಿಸುವ ಕಾಡಿನ ಊರಿಗೆ, ಹೋಗುವುದು ಎಲ್ಲಕ್ಕಿಂತ ಕೊನೆಗೆ. ಕೂಸು ಹುಟ್ಟುವ ಮುಂಚೆಯೇ ಕುಲಾವಿ. ಎರಡನೆಯ ಕಂತಿಗೆ ಸರಕು ಮುಗಿಯುತ್ತದೆ, ಮೂರನೆಯದಕ್ಕೆ ಯಾರೋ ಕರೆಮಾಡಿ ‘ನಮ್ಮಜ್ಜಿಯ ದನಿ ತೆಗೆದುಹಾಕಿ’ ಎನ್ನುತ್ತಾರೆ, ಅಲ್ಲಿಗೆ ಸರಣಿ ನಿಲ್ಲುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಭೇಟಿಯಿಂದ ಮೊದಲ ಕಂತಿನವರೆಗೆ ಮೂರು ತಿಂಗಳು ಬೇಕು. ಮೂರು ವಾರದಲ್ಲಿ ಮುಗಿಸಬೇಕೆಂದಿದ್ದರೆ ಬೇರೆ ವಿಷಯ ಹುಡುಕಿಕೊಳ್ಳುವುದು ಒಳ್ಳೆಯದು.

## 1. ಒಂದು ಸಮುದಾಯ, ಒಂದು ಸೀಮೆ, ಆರು ಕಂತು

‘ಕರ್ನಾಟಕದ ಬುಡಕಟ್ಟುಗಳು’ ಎಂಬ ಸರಣಿ ಮಾಡಬೇಡಿ. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ. ಪಟ್ಟಿಯಲ್ಲಿ ಹತ್ತಾರು ಸಮುದಾಯಗಳಿವೆ, ಭಾಷೆ ಬೇರೆ, ಕಾಡು ಬೇರೆ, ಕಷ್ಟವೂ ಬೇರೆ. ಕಂತಿಗೊಂದು ಸಮುದಾಯ ಎಂದು ಹೊರಟರೆ ಪ್ರತಿ ಸಲವೂ ಪರಿಚಯ, ಒಪ್ಪಿಗೆ, ಭಾಷೆ ಎಲ್ಲ ಮೊದಲಿಂದ ಶುರು. ಕೊನೆಗೆ ಉಳಿಯುವುದು ಉಡುಗೆ, ಊಟ, ಹಬ್ಬ, ಅಷ್ಟೇ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಆರಿಸಿಕೊಂಡಿರಿ ಎನ್ನಿ. ಆರು ಕಂತು ಹೀಗೆ ಹಂಚಬಹುದು: ಪೋಡುಗಳ (ಸೋಲಿಗರ ವಸತಿಗಳ) ಹೆಸರು ಮತ್ತು ಕುಲದ ಜಾಗಗಳು, ತರಗು ಬೆಂಕಿ (ಕಾಡಿನ ನೆಲದ ಒಣ ಎಲೆಗೆ ಹಾಕುವ ಬೆಂಕಿ) ನಿಂತದ್ದು ಮತ್ತು ಲಂಟಾನ ಕಳೆ ಹಬ್ಬಿದ್ದು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ 25 ಗ್ರಾಮಸಭೆಗಳಿಗೆ ಸಿಕ್ಕ ಸಮುದಾಯ ಅರಣ್ಯ ಹಕ್ಕು, ಜೇನು ಮತ್ತು ಲ್ಯಾಂಪ್ಸ್ ಸೊಸೈಟಿಯ (ಆದಿವಾಸಿಗಳ ಸಹಕಾರ ಸಂಘದ) ಲೆಕ್ಕ, ಹಾಸ್ಟೆಲ್ಲಿನಲ್ಲಿ ಓದುವ ಮಕ್ಕಳು, ಗೊರುಕನ ಎಂಬ ಸೋಲಿಗರ ಹಾಡು ಹಾಡುವವರು. ಗಮನಿಸಿ, ಹಾಡು ಕೊನೆಗೆ ಬಂತು. ಹಾಡಿನಿಂದ ಆರಂಭವಾದ ಸರಣಿಗೆ ಪಡಿತರ ಚೀಟಿಯತ್ತ ತಿರುಗುವುದು ಕಷ್ಟ. ಪಡಿತರ ಚೀಟಿಯಿಂದ ಹಾಡಿಗೆ ಬರುವುದು ಸಲೀಸು.

ಆರೂ ಕಂತಿನ ಎದುರು ಒಂದೊಂದು ಪ್ರಶ್ನೆ ಬರೆದಿಡಿ. ‘ಸೋಲಿಗರ ಸಂಸ್ಕೃತಿ’ ಪ್ರಶ್ನೆಯಲ್ಲ. ‘ಬೆಂಕಿ ಹಾಕುವುದನ್ನು ನಿಲ್ಲಿಸಿದ ಮೇಲೆ ಕಾಡಿನ ನೆಲದಲ್ಲಿ ಏನು ಬದಲಾಯಿತು?’ ಎಂಬುದು ಪ್ರಶ್ನೆ.

## 2. ಹೆಸರು, ಪದ, ಪಟ್ಟಿ: ಹೋಗುವ ಮುಂಚೆ ತಿಳಿದಿರಬೇಕಾದದ್ದು

ಜೇನು ಕುರುಬರು ಮತ್ತು ಬಯಲುಸೀಮೆಯ ಕುರಿಗಾಹಿ ಕುರುಬರು ಬೇರೆಬೇರೆ ಸಮುದಾಯ. ಇದನ್ನು ಬೆರೆಸಿ ಮಾತನಾಡಿದ ಕಂತು ಅಲ್ಲಿಗೇ ಬಿದ್ದುಹೋಗುತ್ತದೆ. ಬೆಟ್ಟ ಕುರುಬ ಎಂಬ ಹೆಸರನ್ನು ಕಾಡು ಕುರುಬಕ್ಕೆ ಸಮನಾಗಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸುವ ಮಸೂದೆಯನ್ನು ಸಂಸತ್ತು ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪಟ್ಟಿ ಸೇರಿದ್ದು 2003ರಲ್ಲಿ. ಅದೇ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರು ತಮ್ಮನ್ನೂ ಪಟ್ಟಿಗೆ ಸೇರಿಸಿ ಎಂದು ಬಹುಕಾಲದಿಂದ ಕೇಳುತ್ತಿದ್ದಾರೆ; ಪದ್ಮಶ್ರೀ ಪಡೆದ ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಇಬ್ಬರೂ ಅದೇ ಸಮುದಾಯದವರು. ‘ಬುಡಕಟ್ಟು ಮಹಿಳೆ’ ಎಂದು ಪತ್ರಿಕೆಗಳು ಬರೆಯುವುದಕ್ಕೂ ಸರ್ಕಾರಿ ಪಟ್ಟಿಗೂ ಎಷ್ಟು ಅಂತರವಿದೆ ಎಂಬುದು ಅಲ್ಲೇ ಕಾಣುತ್ತದೆ. ಪಿವಿಟಿಜಿ (ವಿಶೇಷವಾಗಿ ದುರ್ಬಲ ಬುಡಕಟ್ಟು ಗುಂಪುಗಳು) ಎಂಬ ವಿಶೇಷ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವವರು ಜೇನು ಕುರುಬರು ಮತ್ತು ಕೊರಗರು ಮಾತ್ರ. ಯೋಜನೆಗಳ ಹಣದ ಮಾತು ಬಂದಾಗ ಈ ಭೇದ ಬೇಕಾಗುತ್ತದೆ.

ವಾಸದ ಜಾಗಕ್ಕೂ ಒಂದೇ ಪದ ಸಾಲದು. ಜೇನು ಕುರುಬರದು ಹಾಡಿ, ಸೋಲಿಗರದು ಪೋಡು. ಅವರನ್ನು ಏನೆಂದು ಕರೆಯಬೇಕು, ಆದಿವಾಸಿ ಎಂದೋ ಗಿರಿಜನ ಎಂದೋ ಬುಡಕಟ್ಟು ಎಂದೋ, ಎಂಬುದನ್ನು ಅವರನ್ನೇ ಕೇಳಿ, ಸರಣಿಯುದ್ದಕ್ಕೂ ಅದನ್ನೇ ಬಳಸಿ. ‘ಕಾಡುಜನ’, ‘ಮುಗ್ಧರು’, ‘ನಾಗರಿಕತೆಯಿಂದ ದೂರ’, ಈ ಮೂರನ್ನು ನಿಮ್ಮ ನಿಘಂಟಿನಿಂದ ಕಿತ್ತುಹಾಕಿ.

ದೇವರ ವಿಷಯವೂ ಹಾಗೇ. ಬಿಳಿಗಿರಿರಂಗ ಸೋಲಿಗರಿಗೆ ಭಾವ. ಅವರ ಮನೆಯ ಹೆಣ್ಣು ಕುಸುಮಾಲೆಯನ್ನು ಕಟ್ಟಿಕೊಂಡವನು. ಇದು ಗೊತ್ತಿಲ್ಲದೆ ‘ನೀವು ಯಾವ ದೇವರ ಭಕ್ತರು?’ ಎಂದು ಕೇಳಿದರೆ ಪುಸ್ತಕದ ಉತ್ತರ ಬರುತ್ತದೆ. ‘ಭಾವನ ಮೇಲೆ ಸಿಟ್ಟು ಬಂದದ್ದುಂಟಾ?’ ಎಂದು ಕೇಳಿ ನೋಡಿ, ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ.

ಕೊರಗರ ವಿಷಯದಲ್ಲಿ ಇನ್ನೊಂದು ಎಚ್ಚರ. ಅವರನ್ನು ಕೀಳೆಂದು ಕಂಡು, ಡೋಲು ಬಾರಿಸುವುದೂ ಸೇರಿ ಅವಮಾನದ ಸೇವೆ ಮಾಡಿಸುವ ಅಜಲು ಪದ್ಧತಿಯನ್ನು 2000ದ ಕರ್ನಾಟಕ ಕಾಯ್ದೆ ನಿಷೇಧಿಸಿದೆ. ಅದನ್ನು ‘ಮರೆಯಾಗುತ್ತಿರುವ ಸಂಪ್ರದಾಯ’ ಎಂದು ಕರೆಯುವುದು ತಪ್ಪು. ಡೋಲಿನ ದನಿ ಬೇಕೆಂದರೆ, ಯಾರು, ಯಾವ ಸಂದರ್ಭಕ್ಕೆ, ತಮ್ಮ ಇಷ್ಟದಿಂದ ಬಾರಿಸುತ್ತಿದ್ದಾರೆ ಎಂಬುದು ಕಂತಿನಲ್ಲೇ ಕೇಳಿಸಬೇಕು.

## 3. ಒಪ್ಪಿಗೆ: ಒಂದು ಸಹಿಯಲ್ಲ, ನಾಲ್ಕು ಮಾತು

ಮೊದಲ ಭೇಟಿಗೆ ರೆಕಾರ್ಡರ್ ಒಯ್ಯಬೇಡಿ. ಚೀಲದಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ.

ಮೊದಲ ಮಾತು ಯಜಮಾನರ ಜೊತೆ, ಎರಡನೆಯದು ಹಾಡಿಯ ಸಭೆಯಲ್ಲಿ. ಯಜಮಾನರು ಹೂಂ ಎಂದರೆ ಮುಗಿಯಿತು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಹೆಂಗಸರ ಅಭಿಪ್ರಾಯ ಅಲ್ಲಿ ಬಂದಿರುವುದೇ ಇಲ್ಲ. ಸಭೆಯ ಮರುದಿನ ಹೆಂಗಸರ ಸ್ವಸಹಾಯ ಸಂಘದವರನ್ನೋ ಆಶಾ ಕಾರ್ಯಕರ್ತೆಯನ್ನೋ ಪ್ರತ್ಯೇಕವಾಗಿ ಕಂಡು ಕೇಳಿ. ಪೋಡು ಅಥವಾ ಹಾಡಿ ಹುಲಿ ಸಂರಕ್ಷಿತ ಪ್ರದೇಶದೊಳಗಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಮೊದಲೇ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುಮತಿ ತಡವಾಗುವಂತಿದ್ದರೆ ಸಂತೆಯ ಊರಿನಲ್ಲೋ ಸಂಘದ ಕಚೇರಿಯಲ್ಲೋ ಕೂತು ಮಾತಾಡಬಹುದು. ಅನುಮತಿಯಿಲ್ಲದೆ ಒಳನುಗ್ಗಿದರೆ ದಂಡ ನಿಮಗೆ, ಆಮೇಲಿನ ಕಿರಿಕಿರಿ ಹಾಡಿಯವರಿಗೆ.

ಮೂರನೆಯ ಮಾತು ಮಾತನಾಡುವ ವ್ಯಕ್ತಿಯ ಜೊತೆ. ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ಒಪ್ಪಿಗೆಯಲ್ಲ. ರೆಕಾರ್ಡರ್ ಹಚ್ಚಿ, ಆಡುಮಾತಿನಲ್ಲೇ ಕೇಳಿ, ಉತ್ತರವನ್ನು ಅಲ್ಲೇ ಉಳಿಸಿ:

– ‘ಅಜ್ಜಿ, ಇದು ಫೋನಲ್ಲಿ ಯಾರು ಬೇಕಾದ್ರೂ ಕೇಳೋ ಥರ ಹಾಕ್ತೀವಿ. ಬೆಂಗಳೂರಲ್ಲೂ ಕೇಳ್ತಾರೆ, ಹೊರದೇಶದಲ್ಲೂ ಕೇಳ್ತಾರೆ. ಪರವಾಗಿಲ್ವಾ?’
– ‘ನಿಮ್ಮ ಹೆಸರು ಹೇಳಬೇಕೋ, ಬೇಡ್ವೋ? ಪೋಡಿನ ಹೆಸರು?’
– ‘ಯಾವ ಮಾತು ಒಳಗೇ ಇರಬೇಕು ಅನ್ಸುತ್ತೆ?’
– ‘ಹಾಕೋ ಮುಂಚೆ ತಂದು ಕೇಳಿಸ್ತೀವಿ. ಆವಾಗ ಬೇಡ ಅಂದ್ರೆ ತೆಗೀತೀವಿ.’

ನಾಲ್ಕನೆಯದು ಆ ಕೊನೆಯ ಸಾಲನ್ನು ಉಳಿಸಿಕೊಳ್ಳುವುದು. ಅದನ್ನು 8ನೇ ಹಂತದಲ್ಲಿ ಹೇಳಿದೆ. ‘ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು’ ಎಂಬ ಭರವಸೆ ಮಾತ್ರ ಕೊಡಬೇಡಿ, ಅದು ಸುಳ್ಳು. ಕಂತು ಒಮ್ಮೆ ಹೊರಬಿದ್ದರೆ ಕೇಳುಗರ ಫೋನಿಗೆ ಇಳಿದಿರುತ್ತದೆ, ಬೇರೆಯವರು ತುಂಡು ಕತ್ತರಿಸಿ ಹಂಚಿರುತ್ತಾರೆ. ನಿಜವಾದ ‘ಬೇಡ’ ಪ್ರಸಾರಕ್ಕೆ ಮುಂಚೆ ಮಾತ್ರ ಸಾಧ್ಯ ಎಂದು ನೇರವಾಗಿ ತಿಳಿಸಿ.

ಹಣದ ಮಾತನ್ನು ಸಭೆಯಲ್ಲೇ, ಎಲ್ಲರೆದುರು ಆಡಿ ಮುಗಿಸಿ. ಕೂತು ಮಾತಾಡಿದ ದಿನದ ಕೂಲಿ ಹೋಗಿರುತ್ತದೆ. ಆ ಸೀಮೆಯ ಕಾಫಿ ತೋಟದ ದಿನಗೂಲಿಗಿಂತ ಕಡಿಮೆ ಕೊಡಬಾರದು. ಹಾಡುವವರಿಗೂ ಅನುವಾದಿಸುವವರಿಗೂ ಪ್ರತ್ಯೇಕ ಕೊಡಿ. ಒಬ್ಬರಿಗೆ ಗುಟ್ಟಾಗಿ ಕೊಟ್ಟರೆ ಮುಂದಿನ ವಾರ ಹಾಡಿಯಲ್ಲಿ ಎರಡು ಪಂಗಡ.

ನಿಲ್ಲಿಸಬೇಕಾದ ಸೂಚನೆ: ಕರೆದಾಗಲೆಲ್ಲ ‘ನಾಳೆ ಬನ್ನಿ’ ಎನ್ನುತ್ತಿದ್ದರೆ, ಅಥವಾ ಪ್ರತಿ ಸಲವೂ ಅದೇ ಒಬ್ಬ ಮಾತುಗಾರ ಮುಂದೆ ಬರುತ್ತಿದ್ದರೆ, ಅದು ಮರ್ಯಾದೆಯ ನಿರಾಕರಣೆ. ಒತ್ತಾಯ ಮಾಡಬೇಡಿ.

## 4. ಕಾಲ ನೋಡಿ ಹೋಗಿ

ಡಿಸೆಂಬರಿನಿಂದ ಫೆಬ್ರವರಿವರೆಗೆ ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲು. ಹಗಲು ಹಾಡಿಯಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಇರುವುದಿಲ್ಲ. ಏಪ್ರಿಲ್‌ನಿಂದ ಜೂನ್ ಜೇನಿನ ಕಾಲ. ಜೇನಿನ ಕಂತಿಗೆ ಅದೇ ಸಮಯ, ಉಳಿದದ್ದಕ್ಕೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ತಗಡಿನ ಮಾಡಿನ ಕೆಳಗೆ ಕೂತರೆ ಮಳೆಯೇ ಸಂದರ್ಶನ ಕೊಡುತ್ತದೆ. ಮಾತಿನ ರೆಕಾರ್ಡಿಂಗಿಗೆ ಅಕ್ಟೋಬರ್, ನವೆಂಬರ್ ಮತ್ತು ಮಾರ್ಚ್ ಒಳ್ಳೆಯದು. ಸೋಲಿಗರ ರೊಟ್ಟಿ ಹಬ್ಬ ರಾಗಿ ಕೊಯ್ಲಿನ ಬೆನ್ನಿಗೆ ಬರುತ್ತದೆ. ದಿನ ಅವರು ಹೇಳಿದ್ದೇ, ಪಂಚಾಂಗ ನೋಡಿ ಟಿಕೆಟ್ ಮಾಡಿಸಬೇಡಿ.

ದಿನದಲ್ಲಿ ಬೆಳಗ್ಗೆ 7ರಿಂದ 9 ಪ್ರಶಸ್ತ. ಸಂಜೆ ಜೀರುಂಡೆ ಶುರುವಾದರೆ ಅದರ ದನಿ ಮಾತಿನ ಸ, ಶ, ಚ ಅಕ್ಷರಗಳ ಮೇಲೆಯೇ ಕೂರುತ್ತದೆ, ಆಮೇಲೆ ಯಾವ ತಂತ್ರಾಂಶವೂ ಬಿಡಿಸಲಾರದು. ಅಲ್ಲದೆ ಕಾಡಿನ ರಸ್ತೆಗಳ ಗೇಟು ಸಂಜೆಗೇ ಮುಚ್ಚುತ್ತದೆ.

ಮೇ ತಿಂಗಳಿನಲ್ಲಿ ಕೊಡಗಿನ ತಿತಿಮತಿ ಕಡೆಯ ಆದಿವಾಸಿಗಳ ಕುಂಡೆ ಹಬ್ಬ ರೆಕಾರ್ಡ್ ಮಾಡುವುದಾದರೆ ಒಂದು ಮಾತು. ಅಲ್ಲಿ ದೇವರನ್ನೇ ಬೈಯುತ್ತಾರೆ, ಬೈಗುಳವೇ ಹರಕೆ. ಅದನ್ನು ಕತ್ತರಿಸಿದರೆ ಹಬ್ಬವೇ ಉಳಿಯುವುದಿಲ್ಲ. ಹಾಗೇ ಬಿಟ್ಟು ನಗೆಚಾಟಿಕೆಯಂತೆ ಮಾರಿದರೆ ಮರ್ಯಾದೆ ಉಳಿಯುವುದಿಲ್ಲ. ಕಂತಿಗೆ ವಯಸ್ಕರ ಸೂಚನೆ ಹಾಕಿ, ಯಾಕೆ ಬೈಯುತ್ತಾರೆ ಎಂದು ಬೈಯುವವರ ಬಾಯಿಂದಲೇ ಮೊದಲು ಕೇಳಿಸಿ, ಆಮೇಲೆ ಬೈಗುಳ.

## 5. ಸಲಕರಣೆ

ಇಲ್ಲಿ ಹೆಚ್ಚು ಖರ್ಚು ಮಾಡಬೇಡಿ. ಜೂಮ್ ಎಚ್1ಎನ್, ಟ್ಯಾಸ್ಕಾಮ್ ಡಿಆರ್-05ಎಕ್ಸ್ ಮಾದರಿಯ ಕೈ ರೆಕಾರ್ಡರ್ ಒಂದು, ಕಾಲರ್ ಮೈಕು ಒಂದು, ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್ ಒಂದು. ಬ್ಲೂಟೂತ್ ಹೆಡ್‌ಫೋನ್ ಬೇಡ, ದನಿ ತಡವಾಗಿ ಕೇಳಿಸುತ್ತದೆ. ಮೈಕಿಗೆ ತುಪ್ಪಳದ ಗಾಳಿಟೋಪಿ ಕಡ್ಡಾಯ. ಕಂಪನಿ ಕೊಡುವ ತೆಳು ಸ್ಪಂಜು ಬೆಟ್ಟದ ಗಾಳಿಗೆ ಏನೂ ಅಲ್ಲ. 32 ಜಿಬಿ ಕಾರ್ಡು ಎರಡು, ಬೇಕಾದಷ್ಟರ ಮೂರು ಪಟ್ಟು ಸೆಲ್ಲು. ಪೋಡಿನಲ್ಲಿ ಚಾರ್ಜ್ ಮಾಡುವ ನಂಬಿಕೆ ಇಟ್ಟುಕೊಳ್ಳಬೇಡಿ. ಒಂದು ದಪ್ಪ ಟವೆಲ್ಲು: ಮೇಜಿನ ಮೇಲೆ ಹಾಸಿ ರೆಕಾರ್ಡರ್ ಇಟ್ಟರೆ ಲೋಟ ಕುಟ್ಟಿದ ಸದ್ದು ಬರುವುದಿಲ್ಲ.

ಸೆಟ್ಟಿಂಗ್ ಹೀಗಿರಲಿ: ವೇವ್ ಕಡತ, 48 ಕಿಲೋಹರ್ಟ್ಸ್, 24 ಬಿಟ್, ಮಾತಿಗೆ ಮಾನೊ, ಹಾಡು–ವಾದ್ಯಕ್ಕೆ ಸ್ಟೀರಿಯೊ. ಮಾನೊ ಗಂಟೆಗೆ ಸುಮಾರು 520 ಎಂಬಿ ತಿನ್ನುತ್ತದೆ, ಅಂದರೆ ಒಂದು ಕಾರ್ಡಿಗೆ 60 ಗಂಟೆ. ಜಾಗ ಉಳಿಸಲು ಎಂಪಿ3ಯಲ್ಲಿ ರೆಕಾರ್ಡ್ ಮಾಡುವ ಅಗತ್ಯವೇ ಇಲ್ಲ. ‘ಆಟೊ ಲೆವೆಲ್’ ಆಫ್ ಮಾಡಿಡಿ. ಮಾತು ನಿಂತಾಗಲೆಲ್ಲ ಅದು ಕಾಡಿನ ಸದ್ದನ್ನು ಎಳೆದು ತಂದು ಮುಂದೆ ನಿಲ್ಲಿಸುತ್ತದೆ.

ಫೋನಿನಲ್ಲೇ ಮಾಡಬಹುದೇ? ಮಾಡಬಹುದು. ಏರೋಪ್ಲೇನ್ ಮೋಡ್ ಹಾಕಿ, ತಂತಿಯ ಕಾಲರ್ ಮೈಕು ಸಿಕ್ಕಿಸಿ. ಆದರೆ ಕಡತವನ್ನು ವಾಟ್ಸಾಪಿನ ದನಿಸಂದೇಶವಾಗಿ ಕಳಿಸಬೇಡಿ, ಅದು ದನಿಯನ್ನು ಹಿಂಡಿ ತೆಳುಮಾಡುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ.

## 6. ರೆಕಾರ್ಡಿಂಗ್

ಜಾಗ. ತಗಡಿನ ಮಾಡು, ಸಿಮೆಂಟ್ ಗೋಡೆಯ ಸರ್ಕಾರಿ ಮನೆಯೊಳಗೆ ದನಿ ಪಾತ್ರೆಯೊಳಗಿಂದ ಬಂದಂತಿರುತ್ತದೆ. ಮಣ್ಣಿನ ಗೋಡೆಯ ಜಗಲಿ, ಮರದ ನೆರಳು, ಕಂಬಳಿ ಹರವಿದ ಮೂಲೆ, ಇವು ಉತ್ತಮ. ಸಮುದಾಯ ಭವನದೊಳಗೆ ಮಾತ್ರ ಕೂರಬೇಡಿ.

ದೂರ. ಬಾಯಿಂದ ಮೈಕಿಗೆ ಒಂದು ಗೇಣು, ನೇರ ಎದುರಿಗಲ್ಲ, ತುಸು ಓರೆಗೆ. ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ಸುತ್ತ ಆಡುತ್ತಿರಲಿ. ನಗು, ಬೈಗುಳ, ಹಾಡು ಬಂದಾಗ ಏರುತ್ತದೆ, ಅದಕ್ಕೇ ಈ ಅಂತರ. ಸಿದ್ದಿಗಳ ಡಮಾಮಿ, ಕೊರಗರ ಡೋಲು ಆದರೆ ಕನಿಷ್ಠ 3 ಮೀಟರ್ ದೂರ ನಿಂತು ಗೇನ್ (ರೆಕಾರ್ಡರ್ ದನಿ ಹಿಡಿಯುವ ಮಟ್ಟ) ಇಳಿಸಿ. ಒಡೆದ ದನಿ ಸರಿಯಾಗದು. ಅತಿ ಜೋರು, ಅತಿ ಮೆಲು ದನಿ ಎರಡನ್ನೂ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಗೇನಿನ ತಲೆನೋವು ಕಡಿಮೆ, ಆದರೆ ಮೈಕೇ ಒಡೆದರೆ ಅದೂ ಕಾಪಾಡದು.

ಜಾಗದ ಮೌನ. ಮಾತು ಮುಗಿದ ಮೇಲೆ ಯಾರೂ ಅಲ್ಲಾಡದೆ ಒಂದು ನಿಮಿಷ ರೆಕಾರ್ಡ್ ಮಾಡಿ. ಕತ್ತರಿಸಿದ ಜಾಗಗಳಿಗೆ ಹೊಲಿಗೆ ಹಾಕಲು ಇದೇ ದಾರ. ಹತ್ತರಲ್ಲಿ ಒಂಬತ್ತು ಮಂದಿ ಮರೆಯುವುದು ಇದನ್ನೇ.

ಪ್ರಶ್ನೆ. ‘ನಿಮ್ಮ ಸಂಸ್ಕೃತಿ ಬಗ್ಗೆ ಹೇಳಿ’ ಎಂದರೆ ಭಾಷಣ ಬರುತ್ತದೆ. ವಸ್ತು, ಜಾಗ, ಕ್ರಮ ಹಿಡಿದು ಕೇಳಿ: ‘ಹೆಜ್ಜೇನು ಇಳಿಸೋಕೆ ಹೊರಟರೆ ಮೊದಲು ಏನು ಕಟ್ಟಿಕೊಳ್ತೀರಿ? ಯಾರು ಮರ ಹತ್ತೋದು? ತುಡುವೆಗೂ ಹೀಗೇನಾ?’ ಅವರೇ ಕಾಡಿನ ದಾರಿಯಲ್ಲಿ ನಡೆಯುತ್ತಾ ಮಾತಾಡಲು ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಗಿಡದ ಮುಂದೆ ನಿಂತಾಗ ನೆನಪು ತಾನಾಗಿ ಬರುತ್ತದೆ. ಉತ್ತರ ಮುಗಿಯಿತು ಅನ್ನಿಸಿದ ಮೇಲೂ ಐದು ಎಣಿಸುವಷ್ಟು ಸುಮ್ಮನಿರಿ. ನಡುವೆ ‘ಹೌದಾ, ಹೂಂ, ಅಯ್ಯೋ’ ಎನ್ನಬೇಡಿ. ತಲೆಯಾಡಿಸಿ ಸಾಕು, ಇಲ್ಲದಿದ್ದರೆ ಸಂಕಲನದಲ್ಲಿ ನಿಮ್ಮ ‘ಹೂಂ’ ಕೀಳುತ್ತಾ ಕೂರಬೇಕಾಗುತ್ತದೆ.

ಮಕ್ಕಳು. ತಂದೆ ತಾಯಿಯ ಒಪ್ಪಿಗೆ ಬೇಕು, ಹಾಸ್ಟೆಲ್ ಮಗುವಾದರೆ ವಾರ್ಡನ್ನಿನದೂ ಸೇರಿಸಿ. ಶಾಲೆಯ ಹೆಸರು, ಮಗುವಿನ ಹೆಸರು ಎರಡೂ ಒಂದೇ ಕಂತಿನಲ್ಲಿ ಬೇಡ. ದೌರ್ಜನ್ಯದ ಮಾತು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ. ಸಂತ್ರಸ್ತ ಮಗುವಿನ ಗುರುತು ಹೊರಹಾಕುವುದನ್ನು ಪೋಕ್ಸೊ ಕಾಯ್ದೆ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098.

## 7. ಪಟ್ಟಿ, ಬರಹ, ಅನುವಾದ

ಅದೇ ರಾತ್ರಿ ಎರಡು ಕಡೆ ಪ್ರತಿ ಮಾಡಿ; ಲ್ಯಾಪ್‌ಟಾಪಿನಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು. ಮನೆಗೆ ಬಂದ ಮೇಲೆ ಮೂರನೆಯದು ಬೇರೆ ಊರಿನಲ್ಲೋ ಕ್ಲೌಡಿನಲ್ಲೋ ಇರಲಿ. ಕಡತದ ಹೆಸರಿನಲ್ಲಿ ದಿನಾಂಕ, ಜಾಗದ ಸಂಕೇತ, ಕ್ರಮಸಂಖ್ಯೆ ಸಾಕು. ವ್ಯಕ್ತಿಯ ಹೆಸರನ್ನು ಅಲ್ಲಿ ಬರೆಯಬೇಡಿ. ಹೆಸರು, ಸಂಕೇತ, ಒಪ್ಪಿಗೆಯ ಷರತ್ತು ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಇರಲಿ.

ಒಂದು ಗಂಟೆ ಮಾತನ್ನು ಬರಹಕ್ಕೆ ಇಳಿಸಲು ಕನ್ನಡಕ್ಕೆ ನಾಲ್ಕೈದು ಗಂಟೆ, ಸೋಲಿಗ ನುಡಿಗೆ ಅದರ ಎರಡು ಪಟ್ಟು ಹಿಡಿಯುತ್ತದೆ. ಯಾಂತ್ರಿಕ ಲಿಪ್ಯಂತರವನ್ನು ನಂಬಬೇಡಿ. ಗೊತ್ತಿಲ್ಲದ ಸೋಲಿಗ ಪದವನ್ನು ಅದು ಹತ್ತಿರದ ಕನ್ನಡ ಪದವಾಗಿ ತಿದ್ದಿಬಿಡುತ್ತದೆ, ಓದಿದವರಿಗೆ ತಪ್ಪೆಂದೂ ಗೊತ್ತಾಗುವುದಿಲ್ಲ. ಆ ಪೋಡಿನ ಓದಿದ ಹುಡುಗ ಹುಡುಗಿಯರಲ್ಲಿ ಒಬ್ಬರನ್ನು ಸಂಬಳ ಕೊಟ್ಟು ಜೊತೆ ಕೂರಿಸಿಕೊಳ್ಳಿ. ನಿಜ ಹೇಳಬೇಕೆಂದರೆ, ಎರಡನೆಯ ಕಂತಿನಿಂದ ನಿರೂಪಣೆಯೂ ಅವರದೇ ಆದರೆ ಸರಣಿ ಗೆದ್ದಂತೆ.

ಅನುವಾದದ ದನಿ ಸೇರಿಸುವ ರೀತಿ: ಮೂಲ ಮಾತು 5 ಸೆಕೆಂಡು ಪೂರ್ತಿ ಕೇಳಲಿ. ಆಮೇಲೆ ಅದನ್ನು 15–18 ಡೆಸಿಬೆಲ್ ಇಳಿಸಿ, ಮೇಲೆ ಕನ್ನಡ ದನಿ. ಕೊನೆಯ 3 ಸೆಕೆಂಡು ಮತ್ತೆ ಮೂಲ ಪೂರ್ತಿ ಏರಲಿ. ಅಜ್ಜಿಯ ಮಾತಿಗೆ ಅಜ್ಜಿಯಂತೆ ನಡುಗುವ ದನಿ ಕೊಡುವ ನಾಟಕ ಬೇಡ. ಸೋಲಿಗ ನುಡಿ ಕನ್ನಡಕ್ಕೆ ಹತ್ತಿರ. ಅಲ್ಲಿ ಪೂರ್ತಿ ಅನುವಾದವೇ ಬೇಕಿಲ್ಲ, ಮುಂಚೆಯೇ ಎರಡು ಮೂರು ಪದದ ಅರ್ಥ ಹೇಳಿ ಬಿಟ್ಟುಬಿಡಿ, ಕಿವಿ ಹೊಂದಿಕೊಳ್ಳುತ್ತದೆ.

ಕತ್ತರಿಸಲೇಬೇಕಾದ ಮಾತುಗಳು. ಇದನ್ನು ಎರಡು ಸಲ ಓದಿ. ಹೆಜ್ಜೇನು ಕಟ್ಟುವ ಮರದ ಜಾಗ, ಔಷಧಿ ಗಿಡದ ಬೆರಕೆ, ಕುಲದೇವರ ಗುಟ್ಟಿನ ಜಾಗ, ಇವು ಕಂತಿನಲ್ಲಿರಬಾರದು. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಕಲಮು ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನು ಗುರುತಿಸುತ್ತದೆ. ಒಬ್ಬರು ಹೇಳಿದರೆಂದು ನೀವು ಹಂಚಲು ಬರುವುದಿಲ್ಲ. ಇನ್ನು ಯಾರಾದರೂ ಹಳೆಯ ಬೇಟೆಯ ಕಥೆ ಹೇಳುತ್ತಾ ‘ಮೊನ್ನೆಯೂ’ ಎಂದರೆ, ಆ ಒಂದು ಪದ 1972ರ ವನ್ಯಜೀವಿ ಕಾಯ್ದೆಯಡಿ ಅವರನ್ನು ಠಾಣೆಗೆ ಎಳೆಯಬಲ್ಲದು. ಸಂಕಲನದಲ್ಲಷ್ಟೇ ಅಲ್ಲ, ಮೂಲ ಕಡತದ ಹಂಚುವ ಪ್ರತಿಯಲ್ಲೂ ಅಳಿಸಿ.

ಅರಣ್ಯ ಹಕ್ಕುಪತ್ರದ ಕಂತಿಗೆ ಕೇವಲ ಅಳಲು ಸಾಲದು. ಅರ್ಜಿ ಯಾವ ನಮೂನೆಯದು ಎಂದು ನೋಡಿ: ‘ಎ’ ವೈಯಕ್ತಿಕ, ‘ಬಿ’ ಸಮುದಾಯ ಹಕ್ಕು, ‘ಸಿ’ ಸಮುದಾಯ ಅರಣ್ಯ ಸಂಪನ್ಮೂಲ. ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ, ಈ ಮೂರರಲ್ಲಿ ಎಲ್ಲಿ ನಿಂತಿದೆ ಎಂದು ದಿನಾಂಕ ಸಮೇತ ಕೇಳಿ. ಭೂಮಿಯಲ್ಲಿ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಇದ್ದ ಪುರಾವೆ ಏನು ಕೊಟ್ಟಿದ್ದಾರೆ ಎಂಬುದೂ ಬೇಕು. ಇಲಾಖೆಯ ಉತ್ತರವನ್ನು ಬರಹದಲ್ಲಿ ಕೇಳಿ, ಬಂದರೆ ಓದಿ, ಬಾರದಿದ್ದರೆ ಎಂದು ಕೇಳಿದಿರಿ ಎಂಬುದನ್ನು ಹೇಳಿ.

## 8. ಸಂಕಲನ, ಆಮೇಲೆ ಮೊದಲ ಕೇಳುಗರು

25 ನಿಮಿಷದ ಕಂತಿಗೆ ಸುಮಾರು 3 ಗಂಟೆ ಮಾತು ಬೇಕು. ನಿರೂಪಣೆ ಒಟ್ಟು 7 ನಿಮಿಷ ಮೀರದಿರಲಿ. ನಿಮಿಷಕ್ಕೆ ನೂರು ಪದದ ಲೆಕ್ಕದಲ್ಲಿ 700 ಪದ. ಬರೆದು ನೋಡಿ, ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ.

ಸಂಕಲನಕ್ಕೆ ಆಡಾಸಿಟಿ ತಂತ್ರಾಂಶ ಸಾಕು, ಉಚಿತ. ಕ್ರಮ: ಮೊದಲು ಕತ್ತರಿಸಿ ಜೋಡಿಸಿ, 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಹೈಪಾಸ್ ಸೋಸುವಿಕೆಯಿಂದ ತೆಗೆಯಿರಿ, ಸದ್ದು ತಗ್ಗಿಸುವುದು 6ರಿಂದ 9 ಡೆಸಿಬೆಲ್ ಸಾಕು, ಜೋರು–ಮೆಲುಗಳ ಅಂತರ ತಗ್ಗಿಸಲು ಹಗುರ ಕಂಪ್ರೆಸರ್, ಕೊನೆಗೆ ಲೌಡ್‌ನೆಸ್, ಅಂದರೆ ಕಂತಿನ ಒಟ್ಟು ಜೋರು. ಸದ್ದು ತಗ್ಗಿಸುವ ಗುಂಡಿಯನ್ನು ಅತಿ ತಿರುವಿದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಕೋಳಿ ಕೂಗಲಿ ಬಿಡಿ, ಅದು ಪೋಡು.

ಲೌಡ್‌ನೆಸ್ ಗುರಿ ಸ್ಟೀರಿಯೊಗೆ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ), ಮಾನೊಗೆ ಮೈನಸ್ 19, ಶಿಖರ ಮೈನಸ್ 1 ಡೆಸಿಬೆಲ್. ಆಡಾಸಿಟಿಯಲ್ಲಿ ಮಾನೊವನ್ನು ‘ಡ್ಯುಯಲ್ ಮಾನೊ’ ಎಂದು ಪರಿಗಣಿಸುವ ಗುರುತು ಹಾಕಿದ್ದರೆ ಮೈನಸ್ 16 ಎಂದೇ ಕೊಡಿ, ತೆಗೆದಿದ್ದರೆ ಮೈನಸ್ 19. ಇದರಲ್ಲಿ ತಪ್ಪಿದರೆ ನಿಮ್ಮ ಕಂತು ಉಳಿದವರದಕ್ಕಿಂತ ಕಿರುಚುತ್ತದೆ ಅಥವಾ ಪಿಸುಗುಟ್ಟುತ್ತದೆ.

ಇನ್ನು ಮುಂದಿನದು ಎಲ್ಲರೂ ಹಾರಿಸುವ ಹೆಜ್ಜೆ. ಸಿದ್ಧವಾದ ಕಂತನ್ನು ಒಂದು ಬ್ಲೂಟೂತ್ ಸ್ಪೀಕರಿನಲ್ಲಿ ಹಾಡಿಗೆ ಒಯ್ದು, ಸಂಜೆ ಎಲ್ಲರೂ ಸೇರಿದಾಗ ಕೇಳಿಸಿ. ವಾಟ್ಸಾಪಿನಲ್ಲಿ ಕಳಿಸಿ ‘ನೋಡಿ ಹೇಳಿ’ ಎನ್ನುವುದು ಕೇಳಿಸಿದಂತಲ್ಲ. ಮಾತನಾಡಿದವರ ಮುಖ ನೋಡುತ್ತಿರಿ; ಎಲ್ಲಿ ತಲೆ ತಗ್ಗಿಸುತ್ತಾರೋ ಆ ಸಮಯವನ್ನು ಗುರುತು ಹಾಕಿಕೊಂಡು ಆಮೇಲೆ ಒಬ್ಬರೇ ಇದ್ದಾಗ ಕೇಳಿ. ಕೇಳಿಸಿದ ದಿನದಿಂದ 15 ದಿನ ಬಿಡಿ. ‘ಬೇಡ’ ಎಂಬುದು ಸಭೆಯಲ್ಲಿ ಬರುವುದಿಲ್ಲ, ಹತ್ತನೇ ದಿನ ಯಾರದೋ ಫೋನಿನಿಂದ ಬರುತ್ತದೆ. ಕಾರಣ ಕೇಳದೆ ತೆಗೆಯಿರಿ.

## 9. ಪ್ರಸಾರ

ಎಂಪಿ3, ಮಾನೊ, 64 ಕೆಬಿಪಿಎಸ್ ಮಾಡಿದರೆ 25 ನಿಮಿಷಕ್ಕೆ 12 ಎಂಬಿ. ನೆಟ್‌ವರ್ಕ್ ಒಂದೇ ಕಡ್ಡಿ ಇರುವ ಊರಲ್ಲೂ ಇಳಿಯುತ್ತದೆ. ಹಾಡಿನ ಕಂತಿಗೆ ಮಾತ್ರ ಸ್ಟೀರಿಯೊ 128. ಮುಖಚಿತ್ರ 3000 ಗುಣಿಸು 3000 ಪಿಕ್ಸೆಲ್, ಜೆಪಿಇಜಿ ಅಥವಾ ಪಿಎನ್‌ಜಿ. ಗರಿ ಸಿಕ್ಕಿಸಿದ ಮುಖದ ಚಿತ್ರ ಬೇಡ. ಆರ್‌ಎಸ್‌ಎಸ್ ಫೀಡ್ (ಹೊಸ ಕಂತುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಕೊಂಡಿ) ಕೊಡುವ ಯಾವುದಾದರೂ ಪಾಡ್‌ಕಾಸ್ಟ್ ಹೋಸ್ಟಿಂಗ್ ಸೇವೆಗೆ ಏರಿಸಿ, ಭಾಷೆಯನ್ನು ಕನ್ನಡ ಎಂದು ಗುರುತಿಸಿ, ಆಮೇಲೆ ಆಪಲ್, ಸ್ಪಾಟಿಫೈ, ಯೂಟ್ಯೂಬಿಗೆ ಆ ಕೊಂಡಿಯನ್ನು ಒಮ್ಮೆ ಕೊಟ್ಟರೆ ಸಾಕು. ಆ ಫೀಡಿನಲ್ಲಿ ಕೊಟ್ಟ ಮಿಂಚಂಚೆ ವಿಳಾಸ ಎಲ್ಲರಿಗೂ ಕಾಣುತ್ತದೆ, ಅದಕ್ಕೆಂದೇ ಹೊಸದೊಂದು ಮಾಡಿಕೊಳ್ಳಿ.

ಹಾಡುಗಳ ವಿಷಯದಲ್ಲಿ ಒಂದು ಗುಂಡಿ ತಪ್ಪಾಗಿ ಒತ್ತಿದರೆ ದೊಡ್ಡ ಅನ್ಯಾಯ. ಸಂಗೀತ ವಿತರಣಾ ಸೇವೆಯ ಮೂಲಕ ಗೊರುಕನವನ್ನು ಏರಿಸಿ ‘ಕಂಟೆಂಟ್ ಐಡಿ’ (ಹಾಡಿನ ಒಡೆತನ ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ) ಹಚ್ಚಿದರೆ, ನಾಳೆ ಆ ಗಾಯಕರ ಮೊಮ್ಮಗ ತನ್ನ ಮನೆಯ ಹಾಡನ್ನು ಯೂಟ್ಯೂಬಿಗೆ ಹಾಕಿದಾಗ ನಿಮ್ಮ ಹೆಸರಿನಲ್ಲಿ ಅವನಿಗೆ ನೋಟಿಸ್ ಹೋಗಬಹುದು. ಆ ಗುರುತು ಹಾಕಲೇಬೇಡಿ. ಹಾಡಿದವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನಂತೆ ಪ್ರದರ್ಶಕರ ಹಕ್ಕು ಇದೆ. ಅದನ್ನು ನಿಮಗೆ ಬರೆದುಕೊಡುವ ಪತ್ರ ಮಾಡಿಸಬೇಡಿ. ಪಾಡ್‌ಕಾಸ್ಟಿನಲ್ಲಿ ಬಳಸಲು ಅನುಮತಿ ಸಾಕು.

ಆ್ಯಪಿನಲ್ಲಿ ಕೇಳುವವರು ಹಾಡಿಯಲ್ಲಿ ಕಡಿಮೆ. ಆರೂ ಕಂತುಗಳನ್ನು, ಕತ್ತರಿಸದ ಹಾಡುಗಳನ್ನೂ ಸೇರಿಸಿ, ಹತ್ತು ಮೆಮೊರಿ ಕಾರ್ಡಿಗೆ ತುಂಬಿ ಕೊಡಿ. ಒಂದು ಶಾಲೆಗೆ, ಒಂದು ಸಂಘದ ಕಚೇರಿಗೆ, ಉಳಿದವು ಮಾತನಾಡಿದವರ ಮನೆಗೆ. ಹತ್ತಿರದಲ್ಲಿ ಸಮುದಾಯ ಬಾನುಲಿ ಇದ್ದರೆ ಅಲ್ಲಿಗೂ ಕೊಡಿ. ಹೆಗ್ಗಡದೇವನಕೋಟೆ ಸೀಮೆಯಲ್ಲಿ ಸರಗೂರಿನ ಜನಧ್ವನಿ 90.8 ಇದೆ. ಕಾರ್ಡು ಕೊಡುವಾಗ ಕಂತಿನ ಕ್ರಮವನ್ನು ಕಡತದ ಹೆಸರಿನಲ್ಲೇ 01, 02 ಎಂದು ಹಾಕಿ. ಕೀಪ್ಯಾಡ್ ಫೋನು ಅಕ್ಷರ ಕ್ರಮದಲ್ಲಿ ಓಡಿಸುತ್ತದೆ, ಕನ್ನಡ ಹೆಸರು ಕೊಟ್ಟರೆ ಹಲವು ಫೋನುಗಳಲ್ಲಿ ಬರೀ ಚೌಕಗಳು ಕಾಣುತ್ತವೆ.